‘ಉಚಿತ’ ಆಟದ ಲೆಕ್ಕ

ಮೊಬೈಲ್ ಆಟಗಳಲ್ಲಿ ಹೆಚ್ಚಿನವುಗಳ ಹೆಸರಿನ ಪಕ್ಕದಲ್ಲಿ ಬೆಲೆ ಇರುವುದಿಲ್ಲ. ಅದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿ, ಆಟದೊಳಗೆ ಖರೀದಿಗೆ ಅವಕಾಶವಿದೆ ಎಂಬ ಇನ್ನೊಂದು ಸೂಚನೆ ಇರುವುದನ್ನೂ ನೀವು ಗಮನಿಸಿರಬಹುದು. ಅತಿ ಹೆಚ್ಚು ಹಣ ಗಳಿಸುವ ಆಟಗಳ ಪಟ್ಟಿಯ ಮೇಲ್ಭಾಗದಲ್ಲಿ ಕಾಣುವವು ಬಹುಪಾಲು ಈ ಬಗೆಯ ಉಚಿತ ಆಟಗಳೇ. ಉಚಿತವಾಗಿ ಹಂಚಿದ ಸರಕಿನಿಂದ ಇಷ್ಟು ಹಣ ಹೇಗೆ ಹುಟ್ಟುತ್ತದೆ? ಅದನ್ನು ಕೊಡುವವರಿಗೆ ತಾವು ಎಷ್ಟು ಕೊಡುತ್ತಿದ್ದೇವೆ ಎಂಬುದು ತಿಳಿದಿರುತ್ತದೆಯೆ? ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ ಹೇಳಬೇಕಾಗುತ್ತದೆ. ಇದನ್ನು ತೋರಿಸಲು ಪ್ರೌಢಶಾಲೆಯ ಗಣಿತವೇ ಸಾಕು.

ಪದ್ಧತಿ ಬಂದ ಬಗೆ

ಆಪಲ್ ಕಂಪನಿ ತನ್ನ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈಯಲ್ಲಿ. ಆಗ ಒಂದು ಆ್ಯಪ್ ಬೇಕಾದರೆ ಒಮ್ಮೆ ಹಣ ಕೊಟ್ಟು ಇಳಿಸಿಕೊಳ್ಳಬೇಕಿತ್ತು, ಇಲ್ಲವೇ ಅದು ಪೂರ್ತಿ ಉಚಿತವಾಗಿರುತ್ತಿತ್ತು. 2009ರ ಜೂನ್‌ನಲ್ಲಿ ಆ್ಯಪ್‌ನ ಒಳಗಿನಿಂದಲೇ ಮಾರುವ ಸೌಲಭ್ಯ ಬಂತು. ಮೊದಲಿಗೆ ಅದು ಬೆಲೆಯುಳ್ಳ ಆ್ಯಪ್‌ಗಳಿಗೆ ಮಾತ್ರ ಇತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉಚಿತ ಆ್ಯಪ್‌ಗಳಿಗೂ ಸಿಕ್ಕಿತು. ಗೂಗಲ್ 2011ರಲ್ಲಿ ಇದೇ ದಾರಿ ಹಿಡಿಯಿತು. ಪ್ರತಿ ಮಾರಾಟದಲ್ಲೂ ಈ ಅಂಗಡಿಗಳು ಶೇಕಡಾ 30ರಷ್ಟು ಪಾಲು ಪಡೆಯತೊಡಗಿದವು. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಗಳಿಕೆಗೆ ಈ ಪಾಲನ್ನು ಎರಡೂ ಕಂಪನಿಗಳು 2021ರಲ್ಲಿ ಶೇಕಡಾ 15ಕ್ಕೆ ಇಳಿಸಿದವು.

ಒಳಗೆ ಮಾರುವ ಸರಕು ಮುಖ್ಯವಾಗಿ ಮೂರು ಬಗೆ. ಒಮ್ಮೆ ಕೊಂಡರೆ ಶಾಶ್ವತವಾಗಿ ಉಳಿಯುವಂಥದು ಮೊದಲನೆಯದು. ಜಾಹೀರಾತು ತೆಗೆಸುವುದು, ನಿಘಂಟಿನ ಪೂರ್ಣ ಆವೃತ್ತಿ ಪಡೆಯುವುದು ಇದಕ್ಕೆ ಉದಾಹರಣೆ. ತಿಂಗಳ ಅಥವಾ ವರ್ಷದ ಚಂದಾ ಎರಡನೆಯದು. ಬಳಸಿದೊಡನೆ ಮುಗಿದುಹೋಗುವ ನಾಣ್ಯ, ವಜ್ರ, ‘ಜೀವ’ಗಳು ಮೂರನೆಯ ಬಗೆ. ಮೊದಲನೆಯದಕ್ಕೆ ಒಂದು ಮಿತಿಯಿದೆ: ಒಂದು ಸಲ ಕೊಂಡವರು ಮತ್ತೆ ಕೊಳ್ಳಬೇಕಾಗಿಲ್ಲ. ಮೂರನೆಯದಕ್ಕೆ ಮಿತಿಯೇ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಚಿನ್ನ ವಿರಳವಾಗಿರುವುದು ಭೂಮಿಯ ತೊಗಟೆಯಲ್ಲಿ ಅದರ ಪ್ರಮಾಣ ಕಡಿಮೆ ಇರುವುದರಿಂದ. ಆಟದ ‘ವಿರಳ’ ಕತ್ತಿ ವಿರಳವಾಗಿರುವುದು ತಂತ್ರಾಂಶದಲ್ಲಿ ಯಾರೋ ಬರೆದಿಟ್ಟ ಒಂದು ಸಂಖ್ಯೆಯಿಂದ. ಇನ್ನೊಂದು ಕತ್ತಿ ತಯಾರಿಸಲು ಮಾರುವವನಿಗೆ ತಗಲುವ ಖರ್ಚು ಹೆಚ್ಚುಕಡಿಮೆ ಸೊನ್ನೆ.

ರೂಪಾಯಿ ಮರೆಯಾಗುವುದು

2011ರ ಆರಂಭದಲ್ಲಿ ಅಮೆರಿಕದಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ‘ಸ್ಮರ್ಫ್ಸ್ ವಿಲೇಜ್’ ಎಂಬ ಆಟದಲ್ಲಿ ‘ಸ್ಮರ್ಫ್‌ಬೆರಿ’ ಹಣ್ಣುಗಳಿಗಾಗಿ ಸುಮಾರು 1,400 ಡಾಲರ್ ಖರ್ಚು ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹಿರಿಯರು ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಮುಂದಿನ 15 ನಿಮಿಷ ಅದನ್ನು ಮತ್ತೆ ಕೇಳದ ವ್ಯವಸ್ಥೆ ಆಗ ಇತ್ತು. ಮಕ್ಕಳ ಇಂಥ ಖರೀದಿಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. 2014ರಲ್ಲಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿದವು.

ನಮ್ಮಲ್ಲಿ ಕಾರ್ಡಿನ ಖರೀದಿಗೆ ಓಟಿಪಿಯಂಥ ಎರಡನೆಯ ದೃಢೀಕರಣವನ್ನು ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ಕಡ್ಡಾಯ ಮಾಡಿರುವುದರಿಂದ ಹಿರಿಯರ ಗಮನಕ್ಕೆ ಬಾರದ ಖರೀದಿಗೆ ತಕ್ಕಮಟ್ಟಿನ ತಡೆಯಿದೆ. ಆದರೆ ಓಟಿಪಿ ಕೇಳುವುದು ‘ಕೊಡುತ್ತಿರುವವರು ನೀವೇನಾ?’ ಎಂದು ಮಾತ್ರ. ‘ಕೊಡುತ್ತಿರುವುದು ಯಾವುದಕ್ಕೆ, ಒಟ್ಟು ಎಷ್ಟು?’ ಎಂದು ಅದು ಕೇಳುವುದಿಲ್ಲ.

ಒಂದು ಕಾಲ್ಪನಿಕ ಆಟವನ್ನು ತೆಗೆದುಕೊಳ್ಳೋಣ. 89 ರೂಪಾಯಿಗೆ 80 ವಜ್ರಗಳ ಕಟ್ಟು. ಒಂದು ಪೆಟ್ಟಿಗೆ ತೆರೆಯಲು 60 ವಜ್ರ. ಪೆಟ್ಟಿಗೆಯ ಬೆಲೆ ಎಷ್ಟು? ಲೆಕ್ಕ ಹಾಕಿದರೆ 66 ರೂಪಾಯಿ 75 ಪೈಸೆ. ಆದರೆ ಪರದೆಯ ಮೇಲೆ ಈ ಸಂಖ್ಯೆ ಎಲ್ಲಿಯೂ ಕಾಣುವುದಿಲ್ಲ. ಒಂದು ಪೆಟ್ಟಿಗೆ ತೆರೆದ ಮೇಲೆ 20 ವಜ್ರ ಉಳಿಯುತ್ತದೆ. ಅದರಿಂದ ಏನೂ ಬಾರದು, ಬಿಟ್ಟುಬಿಡಲು ಮನಸ್ಸೂ ಬಾರದು. ಇನ್ನು 40 ಬೇಕು. ಆದರೆ 40ರ ಕಟ್ಟು ಮಾರಾಟಕ್ಕಿಲ್ಲ. ಉಳಿಕೆ ಸೊನ್ನೆಯಾಗುವುದು 80 ಮತ್ತು 60ರ ಲಘುತಮ ಸಾಮಾನ್ಯ ಅಪವರ್ತ್ಯವಾದ 240ರಲ್ಲಿ, ಅಂದರೆ ಮೂರು ಕಟ್ಟು ಕೊಂಡಾಗ. ಒಂದು ಪೆಟ್ಟಿಗೆ ಬೇಕೆಂದು ಹೋದವನು ಲೆಕ್ಕ ಚುಕ್ತಾ ಆಗುವಷ್ಟರಲ್ಲಿ 267 ರೂಪಾಯಿ ಕೊಟ್ಟು ನಾಲ್ಕು ತೆರೆದಿರುತ್ತಾನೆ. ಲ.ಸಾ.ಅ. ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ಇದನ್ನೇ ತೋರಿಸಬಹುದು.

‘ಶೇಕಡಾ 1’ ಎಂದರೇನು?

ಲೂಟ್ ಬಾಕ್ಸ್ ಎಂಬ ಈ ಅದೃಷ್ಟದ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಹಣ ಕೊಟ್ಟ ಮೇಲೆಯೇ ತಿಳಿಯುತ್ತದೆ. ಇದರ ಬಗ್ಗೆ ದೂರುಗಳು ಹೆಚ್ಚಿದಾಗ, ಸಂಭವನೀಯತೆಯನ್ನು ಪ್ರಕಟಿಸಬೇಕೆಂಬ ಪರಿಹಾರ ಬಂತು. ಚೀನಾದಲ್ಲಿ 2017ರ ಮೇ ತಿಂಗಳಿಂದ ಇದು ಕಡ್ಡಾಯವಾಯಿತು; ಅದೇ ವರ್ಷದ ಕೊನೆಯಲ್ಲಿ ಆಪಲ್, 2019ರಲ್ಲಿ ಗೂಗಲ್ ಇದೇ ನಿಯಮ ಮಾಡಿದವು. ಅಂಕಿ ಹೇಳಿದ್ದೇವೆ, ಆಯ್ಕೆ ನಿಮ್ಮದು ಎಂಬುದು ಇದರ ಹಿಂದಿನ ವಾದ. ಈ ವಾದದಲ್ಲಿಯೇ ದೋಷವಿದೆ.

ನಮ್ಮ ಕಾಲ್ಪನಿಕ ಆಟದಲ್ಲಿ ವಿರಳ ಕತ್ತಿ ಸಿಗುವ ಸಂಭವನೀಯತೆ ಶೇಕಡಾ 1 ಎಂದಿರಲಿ. ‘ಹಾಗಾದರೆ 100 ಪೆಟ್ಟಿಗೆ ತೆರೆದರೆ ಒಂದು ಸಿಗುತ್ತದೆ’ ಎಂದು ಹೆಚ್ಚಿನವರು ಓದಿಕೊಳ್ಳುತ್ತಾರೆ. ನಿಜ ಸ್ಥಿತಿ ಬೇರೆ. ಒಂದು ಪೆಟ್ಟಿಗೆಯಲ್ಲಿ ಕತ್ತಿ ಇಲ್ಲದಿರುವ ಸಂಭವನೀಯತೆ 0.99. ನೂರರಲ್ಲಿಯೂ ಇಲ್ಲದಿರುವುದು 0.99ರ ನೂರನೆಯ ಘಾತ. ಅಂದರೆ ಸುಮಾರು 0.37. ನೂರು ಮಂದಿ ತಲಾ ನೂರು ಪೆಟ್ಟಿಗೆ ತೆರೆದು ತಲಾ 6,675 ರೂಪಾಯಿ ಕೊಟ್ಟರೆ, ಅವರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಅರ್ಧದಷ್ಟು ಮಂದಿಗೆ ಸಿಗಲು 69 ಪೆಟ್ಟಿಗೆ, ಅಂದರೆ ಸುಮಾರು 4,600 ರೂಪಾಯಿ. ನೂರಕ್ಕೆ 90 ಮಂದಿಗೆ ಸಿಗಲು 230 ಪೆಟ್ಟಿಗೆ, ಅಂದರೆ ಸುಮಾರು 15,350 ರೂಪಾಯಿ ಬೇಕು. ಇಷ್ಟು ಕೊಟ್ಟು ಕೊಂಡದ್ದು ಒಂದು ಚಿತ್ರ.

ಮಾರುವವನಿಗೆ ಈ 15,350 ಗೊತ್ತು. ಕೊಳ್ಳುವ ಹುಡುಗನಿಗೆ ಕಾಣುವುದು ‘ಶೇಕಡಾ 1’ ಮತ್ತು ‘60 ವಜ್ರ’ ಮಾತ್ರ. ಎರಡು ಹೇಳಿಕೆಗಳಲ್ಲೂ ಸುಳ್ಳಿಲ್ಲ. ಆದರೆ ನಿರ್ಧಾರಕ್ಕೆ ಬೇಕಾದ ಸಂಖ್ಯೆ ಎರಡರಲ್ಲೂ ಇಲ್ಲ.

ಇದಕ್ಕೆ ಜೊತೆಯಾಗಿ ನಮ್ಮ ಮನಸ್ಸಿನದೊಂದು ಭ್ರಮೆಯಿದೆ. ‘50 ಸಲ ಸಿಗಲಿಲ್ಲ, ಇನ್ನು ಸಿಕ್ಕೇ ಸಿಗುತ್ತದೆ’ ಎನ್ನಿಸುತ್ತದೆ. ಪೆಟ್ಟಿಗೆಗೆ ನೆನಪಿಲ್ಲ, 51ನೆಯದರಲ್ಲೂ ಸಂಭವನೀಯತೆ ಶೇಕಡಾ 1. ಕೆಲವು ಆಟಗಳು ಇದಕ್ಕೊಂದು ಮೇಲ್ಮಿತಿ ಹಾಕಿವೆ ಎಂಬುದನ್ನು ಒಪ್ಪಬೇಕು. 2020ರಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಅತ್ಯುನ್ನತ ದರ್ಜೆಯ ಪಾತ್ರದ ಮೂಲ ಸಂಭವನೀಯತೆ ಶೇಕಡಾ 0.6; ಆದರೆ 90ನೆಯ ಪ್ರಯತ್ನದೊಳಗೆ ಆ ದರ್ಜೆಯ ಒಂದು ಖಚಿತ. ಪ್ರಚಾರದಲ್ಲಿ ತೋರಿಸಿದ ಪಾತ್ರವೇ ಮೊದಲ ಬಾರಿಗೆ ಬರುತ್ತದೆಂಬ ಖಾತರಿ ಮಾತ್ರ ಇಲ್ಲ. ತಪ್ಪಿದರೆ ಇನ್ನೊಮ್ಮೆ 90ರವರೆಗೆ ಹೋಗಬೇಕಾಗಬಹುದು. ಈ ಮಿತಿ ನಷ್ಟಕ್ಕೆ ಗಡಿ ಹಾಕುತ್ತದೆ, ನಿಜ. ಆದರೆ 70 ಸಲ ಪ್ರಯತ್ನಿಸಿದವನಿಗೆ ‘ಇನ್ನು 20 ಮಾತ್ರ’ ಎಂದು ಹೇಳುವುದೂ ಅದೇ ಮಿತಿ.

ಪರಿಶೀಲಿಸುವವರು ಯಾರು?

ಪ್ರಕಟವಾದ ಸಂಖ್ಯೆ ನಿಜವೆಂದು ನಂಬುವುದು ಹೇಗೆ? ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ ತನ್ನ ‘ಮೇಪಲ್‌ಸ್ಟೋರಿ’ ಎಂಬ ಕಂಪ್ಯೂಟರ್ ಆಟದಲ್ಲಿ ಸಂಭವನೀಯತೆಗಳನ್ನು ಆಟಗಾರರಿಗೆ ತಿಳಿಸದೆ ಬದಲಿಸಿತ್ತು. ಕೆಲವು ಜೋಡಣೆಗಳು ಬರುವ ಸಂಭವನೀಯತೆಯನ್ನು ಸೊನ್ನೆಗೇ ಇಳಿಸಿತ್ತು. ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ಅದಕ್ಕೆ ಸುಮಾರು 1,160 ಕೋಟಿ ವಾನ್ ದಂಡ ವಿಧಿಸಿತು.

ಒಬ್ಬ ಆಟಗಾರ ತಾನೇ ಇದನ್ನು ಪತ್ತೆ ಮಾಡಬಲ್ಲನೆ? ಶೇಕಡಾ 1 ಎಂದು ಹೇಳಿದ ವಸ್ತು 459 ಪೆಟ್ಟಿಗೆ ತೆರೆದರೂ ಸಿಗದಿದ್ದರೆ ಅನುಮಾನ ಪಡಬಹುದು. ಆದರೆ ಆಟ ಪ್ರಾಮಾಣಿಕವಾಗಿದ್ದರೂ ನೂರರಲ್ಲಿ ಒಬ್ಬರಿಗೆ ಹೀಗಾಗುವುದು ಸಹಜವೇ. ಸಾವಿರಾರು ಜನರ ದಾಖಲೆ ಒಟ್ಟುಗೂಡಿಸದೆ ಏನನ್ನೂ ಖಚಿತವಾಗಿ ಹೇಳಲಾಗದು. ಆದ್ದರಿಂದ ಇದು ಆಟಗಾರನ ಹೊಣೆಯಾಗುವುದು ಸಾಧ್ಯವಿಲ್ಲ; ಹೊರಗಿನ ತಪಾಸಣೆ ಬೇಕು.

ಕಾನೂನಿನ ಎಟುಕು

ವಿವಿಧ ಪೆಟ್ಟಿಗೆಗಳಿಂದ ಒಂದು ಪೂರ್ಣ ಸೆಟ್ ಕೂಡಿಸಿದರೆ ದೊಡ್ಡ ಬಹುಮಾನ ಕೊಡುವ ಪದ್ಧತಿ ಜಪಾನಿನ ಮೊಬೈಲ್ ಆಟಗಳಲ್ಲಿತ್ತು. ಅದು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಗ್ರಾಹಕ ವ್ಯವಹಾರಗಳ ಸಂಸ್ಥೆ 2012ರಲ್ಲಿ ಸ್ಪಷ್ಟಪಡಿಸಿತು. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಯನ್ನು ಜೂಜೆಂದು ಪರಿಗಣಿಸಿತು. ಆದರೂ 2022ರಲ್ಲಿ ಅಲ್ಲಿ ಅತಿ ಹೆಚ್ಚು ಗಳಿಸುವ 100 ಐಫೋನ್ ಆಟಗಳನ್ನು ಪರೀಕ್ಷಿಸಿದ ಸಂಶೋಧನೆಯೊಂದು 82ರಲ್ಲಿ ಅವು ಇನ್ನೂ ಇರುವುದನ್ನು ಕಂಡಿತು. ಜಾರಿ ಇಲ್ಲದ ನಿಷೇಧದ ಫಲ ಇದು.

ಭಾರತದಲ್ಲಿ ಗ್ರಾಹಕರ ದಾರಿ ತಪ್ಪಿಸುವ ವಿನ್ಯಾಸಗಳ ವಿರುದ್ಧ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಬಂತು. ಸುಳ್ಳು ಅವಸರ, ಪೀಡಿಸುವಿಕೆ, ಚಂದಾ ಬಲೆ ಮೊದಲಾದ 13 ಬಗೆಗಳನ್ನು ಅದು ಹೆಸರಿಸಿದೆ. ಅದೃಷ್ಟದ ಪೆಟ್ಟಿಗೆಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಆ ಚೀಟಿಯ ಮೇಲೆ ಬೆಲೆಯಾದರೂ ರೂಪಾಯಿಯಲ್ಲಿ ಅಚ್ಚಾಗಿರುತ್ತಿತ್ತು!

ಹಾಗಾದರೆ ಏನು ಬೇಕು?

ಆ್ಯಪ್‌ನೊಳಗಿನ ಮಾರಾಟವೇ ಕೆಟ್ಟದ್ದಲ್ಲ. ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕೊಡುವ ಕ್ರಮ ಕೊಳ್ಳುವವರಿಗೂ ಸಣ್ಣ ತಯಾರಕರಿಗೂ ಒಳ್ಳೆಯದೇ. ಆಡುವವರಲ್ಲಿ ಹೆಚ್ಚಿನವರು ಏನೂ ಕೊಡುವುದಿಲ್ಲ, ಕೆಲವರು ಕೊಟ್ಟ ಹಣದಲ್ಲಿ ಎಲ್ಲರೂ ಆಡುತ್ತಾರೆ ಎಂಬ ಸಮರ್ಥನೆಯೂ ಇದೆ. ಆದರೆ ಆ ‘ಕೆಲವರಿಗೆ’ ಈ ಉದ್ಯಮದಲ್ಲಿ ‘ತಿಮಿಂಗಿಲ’ ಎಂದು ಹೆಸರು. ಬೇಟೆಯ ನುಡಿ ತಾನಾಗಿ ಬಂದದ್ದಲ್ಲ.

ಬೇಡಿಕೆ ದೊಡ್ಡದೇನಲ್ಲ. ಪ್ರತಿ ಪೆಟ್ಟಿಗೆಯ ಬೆಲೆ ರೂಪಾಯಿಯಲ್ಲಿ ಕಾಣಬೇಕು. ‘ಶೇಕಡಾ 1’ರ ಪಕ್ಕದಲ್ಲಿ ‘ನೂರರಲ್ಲಿ 90 ಮಂದಿಗೆ ಇದು ಸಿಗಲು ತಗಲುವ ವೆಚ್ಚ ಇಷ್ಟು’ ಎಂದು ಬರೆದಿರಬೇಕು. ಸಂಭವನೀಯತೆಯನ್ನು ಸ್ವತಂತ್ರ ಸಂಸ್ಥೆ ಪರಿಶೀಲಿಸಬೇಕು. ಮಕ್ಕಳ ಖಾತೆಗಳಿಗೆ ಅದೃಷ್ಟದ ಪೆಟ್ಟಿಗೆಯನ್ನು ಮಾರಲೇಬಾರದು.

ಅಲ್ಲಿಯವರೆಗೆ ಅಧ್ಯಾಪಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಪ್ರತಿ ವಿದ್ಯಾರ್ಥಿಯೂ ದಾಳವನ್ನು ಆರೂ ಮುಖಗಳು ಬರುವವರೆಗೆ ಎಸೆಯಲಿ. ಎಷ್ಟು ಎಸೆತ ಬೇಕಾಯಿತೆಂದು ಬರೆದಿಡಲಿ. ಆರು ಎಸೆತದಲ್ಲಿ ಮುಗಿಯುವುದು ತೀರ ಅಪರೂಪ, ಸರಾಸರಿ 14.7ರ ಆಸುಪಾಸಿನಲ್ಲಿ ಬರುತ್ತದೆ. ಅದರಲ್ಲಿ ಕೊನೆಯ ಒಂದು ಮುಖಕ್ಕೇ ಸರಾಸರಿ ಆರು ಎಸೆತ ಬೇಕು. ಜಪಾನಿನ ಪೂರ್ಣ ಸೆಟ್ಟಿನ ಗುಟ್ಟು ಇಷ್ಟೆ: ಕೊನೆಯ ವಸ್ತುವೇ ಅತಿ ದುಬಾರಿ. ಬಳಿಕ ಪ್ರತಿ ಎಸೆತಕ್ಕೆ 67 ರೂಪಾಯಿ ಎಂದು ಲೆಕ್ಕ ಹಾಕಿ, ಒಟ್ಟು ಮೊತ್ತವನ್ನು ಕಪ್ಪು ಹಲಗೆಯ ಮೇಲೆ ಬರೆಯಿಸಿ.