ನಿಕೊದೇಮನ ಪ್ರಶ್ನೆ: ಕ್ರೈಸ್ತರ ಹೊಸ ಜನ್ಮ ಮತ್ತು ಜೈನರ ಸಮ್ಯಕ್ತ್ವ

ಬೆಂಗಳೂರಿನ ಉತ್ತರಭಾಗದ ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೆ 'ಹೊಸದಾಗಿ ಹುಟ್ಟುವುದು' ಎಂಬ ಕ್ರೈಸ್ತ ಮಾತು ಅಪರಿಚಿತವಲ್ಲ. ಬೀದಿಯಲ್ಲಿ ಕೈಗಿತ್ತ ಕರಪತ್ರದಿಂದಲೋ, ಮಕ್ಕಳ ಸಹಪಾಠಿಗಳಿಂದಲೋ, ನೆರೆಮನೆಯವರಿಂದಲೋ ಅದು ಮನೆಯೊಳಗೆ ಬರುತ್ತದೆ. ಮನೆಯ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. 'ಪುನರ್ಜನ್ಮ ನಮ್ಮಲ್ಲಿಯೂ ಇದೆ, ಅವರಿಗಿಂತ ಮೊದಲೇ ಇದೆ' ಎಂಬುದು ಒಂದು. 'ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ' ಎಂಬುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಸೋಮಾರಿತನ. ಪರಮತವನ್ನು ಖಂಡಿಸುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಮಂಡಿಸುವುದು ಅಕಲಂಕಾದಿ ಆಚಾರ್ಯರ ಪದ್ಧತಿಯಾಗಿದ್ದುದರಿಂದ, ಈ ಮಾತಿನ ಮೂಲವನ್ನು ಮೊದಲು ನೋಡಬೇಕು.

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನೆಂಬ ಯೆಹೂದ್ಯ ಪಂಡಿತನು ರಾತ್ರಿಯ ವೇಳೆ ಯೇಸುವಿನ ಬಳಿಗೆ ಬರುತ್ತಾನೆ. ಅವನು ಫರಿಸಾಯ ಪಂಥದವನು, ಯೆಹೂದ್ಯರ ಸಭೆಯ ಹಿರಿಯ, ಶಾಸ್ತ್ರ ಬಲ್ಲವನು. ಕುಲದಲ್ಲಾಗಲಿ ಆಚಾರದಲ್ಲಾಗಲಿ ಕೊರತೆಯಿಲ್ಲದವನು. ಅಂಥವನಿಗೇ ಹೊಸದಾಗಿ ಹುಟ್ಟಬೇಕೆಂದು ಯೇಸು ಹೇಳುತ್ತಾನೆ. ಮೂಲದ ಗ್ರೀಕ್ ಪದ 'ಆನೋಥೆನ್'. ಅದಕ್ಕೆ 'ಮತ್ತೊಮ್ಮೆ' ಎಂಬ ಅರ್ಥವೂ 'ಮೇಲಿನಿಂದ' ಎಂಬ ಅರ್ಥವೂ ಇದೆ. ನಿಕೊದೇಮ ಮೊದಲನೆಯ ಅರ್ಥವನ್ನಷ್ಟೇ ಹಿಡಿದು, ಮುದುಕನಾದವನು ತಾಯಿಯ ಗರ್ಭವನ್ನು ಮತ್ತೆ ಹೇಗೆ ಪ್ರವೇಶಿಸಬೇಕೆಂದು ಕೇಳುತ್ತಾನೆ. ಸಂವಾದದ ಸೊಗಸೆಲ್ಲ ಈ ಶ್ಲೇಷೆಯ ಮೇಲೆ ನಿಂತಿದೆ.

ಕನ್ನಡಕ್ಕೆ ಈ ಶ್ಲೇಷೆಯನ್ನು ತರುವುದು ಸಾಧ್ಯವಿರಲಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಆರಂಭದಲ್ಲಿ ಹಿಡಿದ ಬೈಬಲ್ ಅನುವಾದದ ಕೆಲಸವನ್ನು ಪರಿಷ್ಕರಿಸಿದವರಲ್ಲಿ ಬೆಂಗಳೂರಿನ ಪಾದ್ರಿ ಬೆಂಜಮಿನ್ ರೈಸ್ ಒಬ್ಬರು. ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿ ಜೈನರನ್ನು ಋಣಿಗಳನ್ನಾಗಿಸಿದ ಬಿ.ಎಲ್. ರೈಸ್ ಇವರ ಮಗ. ಇಂದು ಹೆಚ್ಚು ಬಳಕೆಯಲ್ಲಿರುವ ಪ್ರೊಟೆಸ್ಟೆಂಟರ ಕನ್ನಡ ಬೈಬಲು ಇಲ್ಲಿ 'ಹೊಸದಾಗಿ ಹುಟ್ಟುವುದು' ಎಂದಿದೆ. ಈ ಆಯ್ಕೆ ವಿವೇಕದ್ದು. 'ಪುನರ್ಜನ್ಮ' ಎಂದಿದ್ದರೆ ಕನ್ನಡಿಗನು ಗತ್ಯಂತರವನ್ನೇ ಭಾವಿಸುತ್ತಿದ್ದನು. 'ಮೇಲಿನಿಂದ' ಎಂಬ ಅರ್ಥ ಮಾತ್ರ ಕೈಬಿಟ್ಟುಹೋಯಿತು. ಕ್ರೈಸ್ತ ಸಿದ್ಧಾಂತದ ಜೀವಾಳ ಇರುವುದು ಅದರಲ್ಲಿಯೇ.

ಅದಕ್ಕಿಂತ ದೊಡ್ಡ ತೊಡಕು 'ಆತ್ಮ' ಎಂಬ ಪದದ್ದು. ಗಾಳಿ ಮತ್ತು ದೈವಶಕ್ತಿ ಎರಡನ್ನೂ ಹೇಳುವ 'ನ್ಯೂಮ' ಎಂಬ ಗ್ರೀಕ್ ಪದಕ್ಕೆ ಅನುವಾದಕರು ಒಂದು ಕಡೆ 'ಗಾಳಿ', ಇನ್ನೊಂದು ಕಡೆ 'ಆತ್ಮ' ಎಂದು ಬರೆದರು. ಕುಂದಕುಂದಾಚಾರ್ಯರನ್ನು ಓದಿದ ಶ್ರಾವಕನಿಗೆ 'ಆತ್ಮನಿಂದ ಹುಟ್ಟುವುದು' ಎಂಬ ಮಾತು ಕೇಳಿದೊಡನೆ ತನ್ನ ಜೀವದ್ರವ್ಯವೇ ನೆನಪಿಗೆ ಬರುತ್ತದೆ. ಅನಾದಿಯಾದ, ಹುಟ್ಟೇ ಇಲ್ಲದ ಜೀವದಿಂದ ಹುಟ್ಟುವುದೆಂತು? ಆದರೆ ಕ್ರೈಸ್ತರು ಹೇಳುವ ಆತ್ಮ ಅದಲ್ಲ. ಅದು ಜೀವದಿಂದ ಬೇರೆಯಾದ, ಹೊರಗಿನಿಂದ ಬರುವ ದೇವರ ಆತ್ಮ. ಹೀಗೆ ಒಂದೇ ಪದ ಎರಡು ಕಿವಿಗಳಲ್ಲಿ ಎರಡು ಅರ್ಥ ಪಡೆಯುತ್ತಿದ್ದರೂ ವಾದ ಮಾತ್ರ ನಡೆಯುತ್ತಲೇ ಇರುತ್ತದೆ.

ಕ್ರೈಸ್ತರಲ್ಲಿಯೂ ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಅದನ್ನು ತಿಳಿಯಲು ಬೆಂಗಳೂರಿನಿಂದ ಆಚೆ ಹೋಗಬೇಕಾಗಿಲ್ಲ. ಯಶವಂತಪುರಕ್ಕೆ ಸಮೀಪದ ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠವಿದೆ. ಅಲ್ಲಿನ ಕಥೋಲಿಕ ಪರಂಪರೆಯಂತೆ ಹೊಸ ಜನ್ಮವಾಗುವುದು ಸ್ನಾನದೀಕ್ಷೆಯಲ್ಲಿ, ಬಹುಪಾಲು ಹಸುಗೂಸಿನ ತಲೆಯ ಮೇಲೆ ನೀರು ಬಿದ್ದಾಗಲೇ. ಹೆಬ್ಬಾಳದ ಬೆತೆಲ್ ಸಭೆಯು ಅಸೆಂಬ್ಲೀಸ್ ಆಫ್ ಗಾಡ್ ಪಂಥದ್ದು. ಅವರಿಗೆ ಶಿಶುವಿನ ಸ್ನಾನ ಸಮ್ಮತವಲ್ಲ. ಬುದ್ಧಿ ಬಂದ ಮನುಷ್ಯ ಪಶ್ಚಾತ್ತಾಪಪಟ್ಟು ನಂಬಿದಾಗ ಹೊಸ ಜನ್ಮ; ನೀರಿನಲ್ಲಿ ಮುಳುಗುವುದು ಅದರ ತರುವಾಯದ ಸಾಕ್ಷ್ಯ. ನಂಬಿಕೆಯಿಂದ ಹೊಸ ಜನ್ಮವೋ, ಹೊಸ ಜನ್ಮವಾದುದರಿಂದ ನಂಬಿಕೆಯೋ ಎಂಬ ಜಿಜ್ಞಾಸೆ ಪ್ರೊಟೆಸ್ಟೆಂಟರಲ್ಲಿ ಶತಮಾನಗಳಿಂದ ನಡೆದಿದೆ. ಒಮ್ಮೆ ಹುಟ್ಟಿದವನು ಮತ್ತೆ ಬೀಳಬಹುದೇ ಎಂಬುದರಲ್ಲಿಯೂ ಭಿನ್ನಮತವಿದೆ.

ಜೈನ ಓದುಗನಿಗೆ ಈ ಪ್ರಶ್ನೆಗಳು ಪರಿಚಿತವೆನಿಸಬೇಕು. ಇವೆಲ್ಲವೂ ಭವಭ್ರಮಣದ ಪುನರ್ಜನ್ಮವನ್ನು ಕುರಿತ ಪ್ರಶ್ನೆಗಳಲ್ಲ, ಸಮ್ಯಗ್ದರ್ಶನವನ್ನು ಕುರಿತ ಪ್ರಶ್ನೆಗಳ ಸೋದರರು. ಸಮ್ಯಗ್ದರ್ಶನವು ನಿಸರ್ಗದಿಂದಲೂ ಅಧಿಗಮದಿಂದಲೂ ಉಂಟಾಗುತ್ತದೆಂದು ತತ್ತ್ವಾರ್ಥಸೂತ್ರವು ಮೊದಲ ಅಧ್ಯಾಯದಲ್ಲಿಯೇ ಹೇಳುತ್ತದೆ. ಅದಕ್ಕೆ ಐದು ಲಬ್ಧಿಗಳು ಬೇಕು: ಕ್ಷಯೋಪಶಮ, ವಿಶುದ್ಧಿ, ದೇಶನಾ, ಪ್ರಾಯೋಗ್ಯ, ಕರಣ. ಮೊದಲ ನಾಲ್ಕು ಅಭವ್ಯನಿಗೂ ದೊರೆಯಬಹುದು. ಎಂದರೆ ಪ್ರವಚನ ಕೇಳಿದವನೆಲ್ಲ, ಪರಿಣಾಮ ಶುದ್ಧವಾದವನೆಲ್ಲ ದಾಟಿದನೆಂದಲ್ಲ. ಐದನೆಯದರಲ್ಲಿ 'ಅಪೂರ್ವಕರಣ' ಎಂಬ ಘಟ್ಟವಿದೆ. ಜೀವನು ಅನಾದಿಕಾಲದಿಂದ ಎಂದೂ ಹೊಂದದ ಪರಿಣಾಮಗಳನ್ನು ಆಗ ಹೊಂದುತ್ತಾನೆ. 'ಹೊಸದಾಗಿ' ಎಂಬ ಕ್ರೈಸ್ತ ಪದಕ್ಕೆ ಜೈನಾಗಮದಲ್ಲಿ ಸಮೀಪದ ಪದವೊಂದಿದ್ದರೆ ಅದು ಈ 'ಅಪೂರ್ವ'.

ಮುಂದಿನದೂ ಹಾಗೆಯೇ. ಯೋಹಾನನ ಮೊದಲನೆಯ ಪತ್ರಿಕೆಯು ಒಂದು ಕಡೆ ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲವೆನ್ನುತ್ತದೆ, ಇನ್ನೊಂದು ಕಡೆ ತನ್ನಲ್ಲಿ ಪಾಪವಿಲ್ಲವೆನ್ನುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆನ್ನುತ್ತದೆ. ಈ ವಿರೋಧವನ್ನು ಪರಿಹರಿಸಲು ಕ್ರೈಸ್ತ ವ್ಯಾಖ್ಯಾನಕಾರರು ಬಹಳ ಶ್ರಮಿಸಿದ್ದಾರೆ. ಗುಣಸ್ಥಾನಗಳ ಕ್ರಮ ತಿಳಿದವನಿಗೆ ಅಷ್ಟು ಶ್ರಮವಿಲ್ಲ. ನಾಲ್ಕನೆಯ ಗುಣಸ್ಥಾನದ ಅವಿರತ ಸಮ್ಯಗ್ದೃಷ್ಟಿಗೆ ದೃಷ್ಟಿ ತಿರುಗಿದೆ, ವ್ರತ ಇನ್ನೂ ಬಂದಿಲ್ಲ. ಉಪಶಮ ಸಮ್ಯಕ್ತ್ವವಂತೂ ಒಂದು ಅಂತರ್ಮುಹೂರ್ತದ್ದು, ಎಂದರೆ 48 ನಿಮಿಷಕ್ಕೂ ಕಡಮೆ. ಕೆಸರು ತಳಕ್ಕೆ ಕೂತ ನೀರಿನಂತೆ ಅದು. ಕದಡಿದರೆ ಮತ್ತೆ ಬಗ್ಗಡ. ಕ್ಷಾಯಿಕ ಸಮ್ಯಕ್ತ್ವಕ್ಕೆ ಮಾತ್ರ ಪತನವಿಲ್ಲ. ಆದರೂ ಒಮ್ಮೆ ಮುಟ್ಟಿದವನ ಸಂಸಾರಕ್ಕೆ ಅಲ್ಲಿಂದ ಒಂದು ಮಿತಿ ಬಿದ್ದಿತೆಂಬುದು ಸಿದ್ಧಾಂತ.

ಇಷ್ಟು ಸಾಮ್ಯವನ್ನು ಒಪ್ಪಿದ ಮೇಲೆ ಭೇದವನ್ನು ಸಂಕೋಚವಿಲ್ಲದೆ ಹೇಳಬಹುದು. ಕ್ರೈಸ್ತನ ಹೊಸ ಜನ್ಮ ದಾನ. ಕೊಡುವವನು ದೇವರು, ಬೆಲೆ ತೆತ್ತವನು ಯೇಸು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನ ಸಾಲ ಇನ್ನೊಬ್ಬನ ಖಾತೆಯಿಂದ ತೀರಿದೆ. ಜೈನಧರ್ಮ ಇದನ್ನು ಒಪ್ಪಲಾರದು. ಪರರು ಮಾಡಿದ್ದರ ಫಲ ತನಗೆ ಬರುವುದಾದರೆ ತಾನು ಮಾಡಿದ್ದೆಲ್ಲ ನಿರರ್ಥಕವಾಗುವುದೆಂದು ಅಮಿತಗತಿ ಆಚಾರ್ಯರು ಸಾಮಾಯಿಕ ಪಾಠದಲ್ಲಿ ಆಕ್ಷೇಪಿಸಿದ್ದಾರೆ. ಜಿನನು ದಾರಿ ತೋರಿಸುವನು, ಹೊತ್ತು ನಡೆಯುವುದಿಲ್ಲ. ಕರ್ಮಬಂಧ ಯಾರದೋ ನಿರ್ಜರೆಯೂ ಅವರದೇ.

ಆದರೆ ಈ ಸಿದ್ಧಾಂತವು ಪಾಪಕ್ಕೆ ಪರವಾನಗಿಯಾಯಿತೆಂಬ ನಮ್ಮವರ ವಾದ ನ್ಯಾಯವಾದುದಲ್ಲ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕಥೆಯಲ್ಲಿ, ಅರಸನಿಂದ ಹತ್ತು ಸಾವಿರ ತಲಾಂತುಗಳ ಸಾಲ ಮನ್ನಾ ಮಾಡಿಸಿಕೊಂಡ ಸೇವಕನು ಹೊರಗೆ ಬಂದು ನೂರು ದೇನಾರಿಗಳಿಗಾಗಿ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಅರಸನು ಮನ್ನಾವನ್ನೇ ರದ್ದುಮಾಡುತ್ತಾನೆ. ಲೆಕ್ಕದ ಪುಸ್ತಕ ಬಲ್ಲವನಿಗೆ ಇದಕ್ಕಿಂತ ಕಟುವಾದ ಕಥೆ ಬೇಕಿಲ್ಲ.

ಇನ್ನು ನಿಕೊದೇಮನ ಪ್ರಶ್ನೆಗೆ ಬರಬೇಕು. ತಾಯಿಯ ಗರ್ಭವನ್ನು ಎರಡನೆಯ ಬಾರಿ ಪ್ರವೇಶಿಸಬಹುದೇ ಎಂದು ಅವನು ಕೇಳಿದ್ದು ಅಸಾಧ್ಯವೆಂದು ತಿಳಿದು. ಜೈನನ ಉತ್ತರ ಬೇರೆ: ಪ್ರವೇಶಿಸಬಹುದು, ಅನಂತ ಬಾರಿ ಪ್ರವೇಶಿಸಿಯೂ ಆಯಿತು, ಅದರಿಂದ ಏನೂ ಆಗಲಿಲ್ಲ. ಗರ್ಭದ ಜನ್ಮ ಎಷ್ಟು ಬಾರಿಯಾದರೂ ಜನ್ಮವನ್ನೇ ಹೆರುತ್ತದೆ. ಈ ಒಂದು ಅಂಶದಲ್ಲಿ ಯೇಸುವಿನ ಮಾತಿಗೂ ಜಿನಾಗಮಕ್ಕೂ ಜಗಳವಿಲ್ಲ. ಜಗಳವಿರುವುದು ಇಬ್ಬರಿಗೂ ನಿಕೊದೇಮನೊಡನೆ. ಆ ನಿಕೊದೇಮ ಇಂದು ಎಲ್ಲಿದ್ದಾನೆ? ಜೈನ ಮನೆಯಲ್ಲಿ ಹುಟ್ಟಿದೆ, ರಾತ್ರಿಭೋಜನವಿಲ್ಲ, ಪರ್ಯುಷಣದಲ್ಲಿ ಉಪವಾಸವಿದೆ, ಇನ್ನೇನು ಬೇಕು ಎನ್ನುವ ಪ್ರತಿಯೊಬ್ಬ ಸದ್ಗೃಹಸ್ಥನಲ್ಲಿದ್ದಾನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದವೂ ಜಾತಿಮದವೂ ಇವೆ. ಚಂಡಾಲನಾಗಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ಬೂದಿ ಮುಚ್ಚಿದ ಕೆಂಡದಂತೆ ದೇವಸ್ವರೂಪನೆಂದು ಹೇಳಿದವರೂ ಅವರೇ.

2011ರ ಜನಗಣತಿಯಲ್ಲಿ ಕರ್ನಾಟಕದ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. ಸಂಖ್ಯೆ ಕುಗ್ಗುವುದೆಂಬ ಆತಂಕವೂ, ಮಕ್ಕಳು ಪರಮತದ ಕಡೆಗೆ ಒಲಿಯುವರೆಂಬ ದೂರೂ ಸಮಾಜದ ಸಭೆಗಳಲ್ಲಿ ಕೇಳಿಬರುತ್ತವೆ. ಆದರೆ ಹೊರಗಿನವನೊಬ್ಬನು ಶ್ರದ್ಧೆಯಿಂದ ಬಂದು ಜಿನಧರ್ಮವನ್ನು ಕೇಳಿದರೆ ಅವನನ್ನು ಎಲ್ಲಿ ಕೂರಿಸಬೇಕು, ಅವನ ಮನೆಗೆ ಹೆಣ್ಣು ಕೊಡಬಹುದೇ ಎಂಬುದನ್ನು ಯೋಚಿಸಿದ ಟ್ರಸ್ಟುಗಳು ವಿರಳ. ಪರಂಪರೆ ಹೀಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಜೈನ ಕುಲದಲ್ಲಿ ಹುಟ್ಟಿದವನಿಗೆ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳಿದಂತೆಯೇ, ಹೊರಗಿನಿಂದ ಬರುವವನಿಗೆ 48 ದೀಕ್ಷಾನ್ವಯ ಕ್ರಿಯೆಗಳನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದಕ್ಕೆ 'ಅವತಾರ' ಎಂದೇ ಹೆಸರು. ಅಲ್ಲಿ ಗುರುವೇ ತಂದೆ, ತತ್ತ್ವಜ್ಞಾನವೇ ಸಂಸ್ಕಾರಗೊಂಡ ಗರ್ಭ. ಶಿಷ್ಯನು ಧರ್ಮದಿಂದ ಹುಟ್ಟಿದವನು. ಸಾವಿರದ ನೂರು ವರ್ಷಗಳ ಹಿಂದೆ ರಾಷ್ಟ್ರಕೂಟರ ನಾಡಿನಲ್ಲಿ ಬರೆದ ಈ ಮಾತು ನಿಕೊದೇಮನಿಗೆ ಯೇಸು ಕೊಟ್ಟ ಉತ್ತರಕ್ಕೆ ಎಷ್ಟು ಹತ್ತಿರವೆಂಬುದನ್ನು ಓದುಗರೇ ತೂಗಿ ನೋಡಬಹುದು.

ಅದೇ ಕ್ರಮದಲ್ಲಿ ಮುಂದೆ 'ವರ್ಣಲಾಭ' ಎಂಬ ಕ್ರಿಯೆ ಬರುತ್ತದೆ. ಹೊಸದಾಗಿ ಬಂದವನು ನಾಲ್ವರು ಹಿರಿಯ ಶ್ರಾವಕರನ್ನು ಕಂಡು, ತನ್ನನ್ನು ತಮಗೆ ಸಮಾನನನ್ನಾಗಿ ಮಾಡಿಕೊಳ್ಳಬೇಕೆಂದು ಕೇಳುತ್ತಾನೆ. ಅವರು ಅವನ ಕುಲವನ್ನು ವಿಚಾರಿಸುತ್ತ ಕೂರುವುದಿಲ್ಲ. ನಿನ್ನಂಥವರು ದೊರೆಯದಿದ್ದರೆ ನಾವು ಮಿಥ್ಯಾದೃಷ್ಟಿಗಳೊಡನೆ ಸಂಬಂಧ ಬೆಳೆಸಬೇಕಾಗುತ್ತಿತ್ತೆಂದು ಹೇಳಿ, ಅವನನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳುತ್ತಾರೆ.