ಪರವಾನಗಿ ಪರೀಕ್ಷೆಯ ಅಂಕ ಎಷ್ಟನ್ನು ಹೇಳುತ್ತದೆ?

ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿಗೆ ಅರ್ಜಿ ಹಾಕುವವರ ಬಗ್ಗೆ ಅಲ್ಲಿನ ಆಸ್ಪತ್ರೆಗಳು ಮೊದಲು ನೋಡುವುದು ಮೂರಂಕಿಯ ಒಂದು ಸಂಖ್ಯೆಯನ್ನು: ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಅಂಕ. ಇಂತಿಷ್ಟಕ್ಕಿಂತ ಕಡಿಮೆ ಬಂದರೆ ಅನೇಕ ಕಡೆ ಅರ್ಜಿಯನ್ನು ಯಾರೂ ಓದುವುದೇ ಇಲ್ಲ. ಅರ್ಜಿಗಳು ಸಾವಿರಾರು ಬರುತ್ತವೆ, ಜರಡಿ ಬೇಕು ಎಂಬುದು ಒಪ್ಪತಕ್ಕ ಮಾತೇ. ಆದರೆ ಈ ಜರಡಿಯ ಕಣ್ಣು ಸರಿಯಿದೆಯೇ?

ಅಂಕಕ್ಕೆ ಅರ್ಥವೇ ಇಲ್ಲ ಎನ್ನಲಾಗದು. ಜಾನ್ ನಾರ್ಸಿನಿ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ದಾಖಲೆಗಳನ್ನು ಹಿಡಿದು, ಹೊರದೇಶದಲ್ಲಿ ಓದಿದ ವೈದ್ಯರ ಅಂಕವನ್ನೂ ಅವರ ರೋಗಿಗಳ ಸಾವು-ಬದುಕನ್ನೂ ಜೋಡಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯುಎಸ್‌ಎಂಎಲ್‌ಇಯ ಎರಡನೇ ಹಂತವಾದ ಸ್ಟೆಪ್ 2ರ ಕ್ಲಿನಿಕಲ್ ಜ್ಞಾನದ ಪರೀಕ್ಷೆಯಲ್ಲಿ ಒಂದೊಂದು ಅಂಕ ಏರಿದಂತೆ ಮರಣ ಪ್ರಮಾಣ ಶೇ. 0.2ರಷ್ಟು ಇಳಿಯುತ್ತದೆ. ಓದಿನ ಆಳ ಹಾಸಿಗೆಯ ಪಕ್ಕದಲ್ಲಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಆದರೆ ವರ್ಷಗಟ್ಟಲೆ ಮುಖ್ಯ ಜರಡಿಯಾಗಿದ್ದದ್ದು ಮೊದಲ ಹಂತವಾದ ಸ್ಟೆಪ್ 1. ಅದು ಜೀವರಸಾಯನ, ಅಂಗರಚನೆಯಂಥ ಮೂಲವಿಜ್ಞಾನಗಳ ಪರೀಕ್ಷೆ. ಅಮೆರಿಕದ ವಿದ್ಯಾರ್ಥಿ ಅದನ್ನು ಸಾಮಾನ್ಯವಾಗಿ ಕಾಲೇಜಿನ ಎರಡನೇ ವರ್ಷದ ಕೊನೆಗೆ ಬರೆಯುತ್ತಾನೆ. ನಮ್ಮವರಲ್ಲಿ ಹಲವರು ಪದವಿ ಮುಗಿಸಿ, ಸಂಬಳ ಬಿಟ್ಟು, ಅದಕ್ಕೆಂದೇ ಕೂತು ಓದುತ್ತಾರೆ. ಅಂಕ ಒಂದೇ ಆದರೂ ಅದರ ಹಿಂದಿನ ದುಡಿಮೆ ಬೇರೆ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ತೆಗೆದು ಪಾಸು-ಫೇಲು ಮಾಡಿದರು. ಅದು ಸರಿಯೇ. ಆದರೆ ಕಾಲೇಜಿನ ಹೆಸರಾಗಲಿ, ಪರಿಚಿತ ಪ್ರಾಧ್ಯಾಪಕರ ಶಿಫಾರಸಾಗಲಿ ಇಲ್ಲದ ಹೊರಗಿನವರಿಗೆ ತಮ್ಮನ್ನು ತೋರಿಸಿಕೊಳ್ಳಲು ಇದ್ದ ಒಂದು ದಾರಿಯೂ ಅದರ ಜೊತೆ ಹೋಯಿತು. ಇಡೀ ಭಾರ ಈಗ ಸ್ಟೆಪ್ 2ರ ಮೇಲೆ. ಅಮೆರಿಕದ ಎಂಡಿ ವಿದ್ಯಾರ್ಥಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ರೆಸಿಡೆನ್ಸಿ ಜಾಗಗಳನ್ನು ಹಂಚುವ ಮ್ಯಾಚ್‌ನಲ್ಲಿ ಜಾಗ ಸಿಗುತ್ತದೆ. ಅಮೆರಿಕದ ಪೌರರಲ್ಲದ ಹೊರದೇಶದ ಪದವೀಧರರಲ್ಲಿ ಶೇ. 60ರ ಆಸುಪಾಸಿಗೆ ಮಾತ್ರ.

ಇಷ್ಟು ಕಿರಿದಾದ ಬಾಗಿಲಿನಿಂದ ಒಳಗೆ ಬಂದವರು ಹೇಗೆ ಕೆಲಸ ಮಾಡುತ್ತಾರೆ? 2017ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಅಧ್ಯಯನ ಸರ್ಕಾರಿ ವಿಮೆಯಾದ ಮೆಡಿಕೇರ್‌ನಡಿ ಆಸ್ಪತ್ರೆ ಸೇರಿದ ವಯಸ್ಸಾದ ರೋಗಿಗಳನ್ನು ನೋಡಿತು. ಹೊರದೇಶದಲ್ಲಿ ಓದಿದ ಇಂಟರ್ನಿಸ್ಟ್‌ಗಳ (ಸಾಮಾನ್ಯ ವೈದ್ಯಕೀಯ ತಜ್ಞರ) ರೋಗಿಗಳಲ್ಲಿ 30 ದಿನಗಳೊಳಗಿನ ಸಾವು ಶೇ. 11.2, ಅಮೆರಿಕದಲ್ಲೇ ಓದಿದವರ ರೋಗಿಗಳಲ್ಲಿ ಶೇ. 11.6. ಅಂತರ ಸಣ್ಣದು, ಆದರೆ ಹೊರಗಿನವರನ್ನು ಎರಡನೇ ದರ್ಜೆಯವರೆಂದು ಕಾಣುವ ಅಭ್ಯಾಸಕ್ಕೆ ಅದು ನೇರ ಉತ್ತರ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಬೇರೊಂದು. ಅಭ್ಯರ್ಥಿ ರೋಗಿಯ ಪಾತ್ರ ವಹಿಸಿದವರೊಡನೆ ಕೂತು ಮಾತನಾಡಿ, ಮುಟ್ಟಿ ಪರೀಕ್ಷಿಸುತ್ತಿದ್ದ ಸ್ಟೆಪ್ 2 ಸಿಎಸ್ ಅನ್ನು 2021ರಲ್ಲಿ ಶಾಶ್ವತವಾಗಿ ನಿಲ್ಲಿಸಿದರು. ದುಬಾರಿ ಪರೀಕ್ಷೆ, ಅದಕ್ಕಾಗಿ ಅಮೆರಿಕಕ್ಕೇ ಹೋಗಬೇಕಿತ್ತು, ನಿಜ. ಹೊರದೇಶದವರ ಇಂಗ್ಲಿಷನ್ನು ಈಗ ಒಇಟಿ ಎಂಬ ಭಾಷಾ ಪರೀಕ್ಷೆ ಅಳೆಯುತ್ತದೆ. ಆದರೆ ನೋವನ್ನು ಹೇಳಲು ತಡವರಿಸುವ ರೋಗಿಯ ಎದುರು ವೈದ್ಯ ಎಷ್ಟು ತಾಳ್ಮೆಯಿಂದ ಕೂರುತ್ತಾನೆ ಎಂಬುದನ್ನು ಭಾಷೆಯ ಪರೀಕ್ಷೆ ಅಳೆಯಲಾರದು. ಆಯ್ಕೆ ಮಾಡುವವರು ಪಾಸಾದ ಎಲ್ಲರ ಅರ್ಜಿಯನ್ನೂ ತೆರೆದು ಓದಲಿ, ಅವರು ರೋಗಿಗಳೊಡನೆ ಕಳೆದ ತಿಂಗಳುಗಳ ಬಗ್ಗೆ ವಿವರವಾಗಿ ಕೇಳಲಿ. ಅಂಕವನ್ನು ಆಮೇಲೆ ನೋಡಲಿ.