ಷವೆಲ್ಲೂ ಡಂಪರೂ: ಹೊಂದಾಣಿಕೆಯ ಒಂದು ಸೂತ್ರದ ವಿಮರ್ಶೆ

ಗಣಿಗಾರಿಕೆಯ ಇತಿಹಾಸವನ್ನು ಬರೆದವರು ಅಗೆಯುವ ಸಾಧನಕ್ಕೆ ಕೊಟ್ಟಷ್ಟು ಗಮನವನ್ನು ಹೊರುವ ಸಾಧನಕ್ಕೆ ಸಾಮಾನ್ಯವಾಗಿ ಕೊಟ್ಟಿಲ್ಲ. ಗುದ್ದಲಿ, ಸಿಡಿಮದ್ದು, ಆವಿಯ ಷವೆಲ್, ವಿದ್ಯುತ್ ಷವೆಲ್ ಎಂದು ಅಧ್ಯಾಯಗಳು ಸಾಗುತ್ತವೆ. ಅಗೆದುದು ಎಲ್ಲಿಗೆ ಹೋಯಿತು, ಅದನ್ನು ಹೊತ್ತವರು ಯಾರು, ಅವರು ಎಷ್ಟು ಹೊತ್ತು ಕಾದರು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗೆ ಇಳಿಯುತ್ತವೆ. ತೆರೆದ ಗಣಿಯ ವ್ಯವಹಾರವನ್ನು ಬಲ್ಲವರಾದರೋ ಈ ಎರಡು ಸಾಧನಗಳನ್ನು ಬೇರ್ಪಡಿಸಿ ನೋಡುವುದಿಲ್ಲ. ಇವುಗಳ ಹೊಂದಾಣಿಕೆಯನ್ನು ಅಳೆಯಲು ಅವರಲ್ಲಿ ಒಂದು ಅಂಕವೇ ಇದೆ. ‘ಮ್ಯಾಚ್ ಫ್ಯಾಕ್ಟರ್’ ಎಂದು ಕರೆಯಲಾಗುವ ಅದನ್ನು ನಾವು ಇಲ್ಲಿ ‘ಹೊಂದಾಣಿಕೆಯ ಅಂಕ’ ಎನ್ನುತ್ತೇವೆ. ಅದರ ಯೋಗ್ಯತೆಯನ್ನೂ ಮಿತಿಯನ್ನೂ ವಿಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಎಂಜಿನಿಯರುಗಳ ಅಂಕದ ಮೇಲೆ ಇತಿಹಾಸದ ಅಧ್ಯಾಪಕರಿಗೆ ಏನು ಅಧಿಕಾರ ಎಂದು ಓದುಗರು ಕೇಳಬಹುದು. ಅಂಕವೂ ಒಂದು ಸಾಕ್ಷ್ಯ. ಸಾಕ್ಷ್ಯವನ್ನು ಪರೀಕ್ಷಿಸುವುದು ನಮ್ಮ ವೃತ್ತಿ ಎಂಬುದಷ್ಟೇ ನಮ್ಮ ಉತ್ತರ.

ಮೊದಲು ಒಂದು ಐತಿಹಾಸಿಕ ನಿದರ್ಶನವನ್ನು ನೋಡೋಣ. ೧೯೦೬ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಪನಾಮಾ ಕಾಲುವೆಯ ಕಾಮಗಾರಿಯನ್ನು ನೋಡಲು ಹೋದಾಗ ೯೫ ಟನ್ ತೂಕದ ಬ್ಯುಸೈರಸ್ ಷವೆಲ್ಲಿನ ಆಸನದಲ್ಲಿ ಕುಳಿತು ತೆಗೆಸಿಕೊಂಡ ಛಾಯಾಚಿತ್ರವು ಬಹು ಪ್ರಸಿದ್ಧವಾದುದು. ಆ ಕಾಲುವೆಯ ಕಥೆಯನ್ನು ಹೇಳುವ ಜನಪ್ರಿಯ ಪುಸ್ತಕಗಳಲ್ಲಿ ಈ ಚಿತ್ರವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಚಿತ್ರವು ಸುಳ್ಳಲ್ಲ, ಆದರೆ ಅದು ಹೇಳುವ ಕಥೆ ಅರ್ಧ ಮಾತ್ರ. ಕುಲೆಬ್ರಾ ಕಣಿವೆಯನ್ನು ಕಡಿಯಲು ಮೊದಲ ಮುಖ್ಯ ಎಂಜಿನಿಯರಾದ ಜಾನ್ ಫಿಂಡ್ಲೆ ವಾಲೇಸರ ಕಾಲದಲ್ಲಿಯೇ ಹೊಸ ಷವೆಲ್ಲುಗಳು ಬಂದಿದ್ದವು. ಮಣ್ಣು ಹಾರಬೇಕೆಂಬ ಒತ್ತಾಯ ಅಮೆರಿಕದಲ್ಲಿ ಬಲವಾಗಿತ್ತು. ಆದರೆ ಹಳಿಗಳೂ ಬಂಡಿಗಳೂ ಬಹುಮಟ್ಟಿಗೆ ಫ್ರೆಂಚರು ಬಿಟ್ಟುಹೋದ ಹಳೆಯ ಸಾಮಗ್ರಿ. ಗಾಡಿಗಳು ಹಳಿ ತಪ್ಪುತ್ತಿದ್ದವು; ಷವೆಲ್ಲುಗಳು ಬಂಡಿಗಳಿಗಾಗಿ ಕಾದು ನಿಲ್ಲುತ್ತಿದ್ದವು. ವಾಲೇಸರು ೧೯೦೫ರ ಜೂನಿನಲ್ಲಿ ರಾಜೀನಾಮೆ ಕೊಟ್ಟರು.

ಅವರ ಬಳಿಕ ಬಂದ ಜಾನ್ ಸ್ಟೀವನ್ಸರು ರೈಲ್ವೆಯ ಕೆಲಸದಲ್ಲಿ ಪಳಗಿದವರು. ಅವರು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಅಗೆತವನ್ನು ನಿಲ್ಲಿಸಿದುದು. ರೋಗನಿವಾರಣೆಗೂ ವಸತಿಗೂ ಏರ್ಪಾಡಾಗುತ್ತಿದ್ದಂತೆಯೇ ಅವರು ರೈಲುದಾರಿಯನ್ನು ಜೋಡಿ ಹಳಿಯದನ್ನಾಗಿ ಮಾಡಿಸಿದರು. ಭಾರವಾದ ಹಳಿಗಳನ್ನೂ ದೊಡ್ಡ ಬಂಡಿಗಳನ್ನೂ ತರಿಸಿದರು. ಕಣಿವೆಯ ನಡುಭಾಗವನ್ನು ಎತ್ತರವಾಗಿರಿಸಿ, ತುಂಬಿದ ಗಾಡಿಗಳು ಎರಡು ತುದಿಗಳ ಕಡೆಗೂ ಇಳಿಜಾರಿನಲ್ಲಿ ಹೋಗುವಂತೆ, ಖಾಲಿ ಗಾಡಿಗಳು ಮಾತ್ರ ಏರನ್ನು ಹತ್ತುವಂತೆ ಹಳಿಗಳನ್ನು ಹೊಂದಿಸಿದರು. ಲಿಡ್ಜರ್‌ವುಡ್ ಯಂತ್ರವು ಸಾಲುಬಂಡಿಗಳ ಮೇಲೆ ಒಂದು ಉಕ್ಕಿನ ನೇಗಿಲನ್ನು ಹಗ್ಗದಿಂದೆಳೆದು ಇಡೀ ಗಾಡಿಯನ್ನು ಸುಮಾರು ಹತ್ತು ನಿಮಿಷಗಳಲ್ಲಿ ಬರಿದು ಮಾಡುತ್ತಿತ್ತು. ೧೯೦೯ರ ಮಾರ್ಚಿನಲ್ಲಿ ಅದೇ ಕಣಿವೆಯಲ್ಲಿ ೬೮ ಷವೆಲ್ಲುಗಳು ಒಂದು ತಿಂಗಳಿನಲ್ಲಿ ೨೦ ಲಕ್ಷ ಘನಗಜಗಳಿಗಿಂತ ಹೆಚ್ಚು ಮಣ್ಣನ್ನು ತೆಗೆದವು. ಆ ವೇಳೆಗೆ ಸ್ಟೀವನ್ಸರು ಕೆಲಸ ಬಿಟ್ಟು, ಗೋಥಲ್ಸರು ಅಧಿಕಾರ ವಹಿಸಿ ಎರಡು ವರ್ಷಗಳಾಗಿದ್ದವು. ೧೯೦೫ಕ್ಕೂ ೧೯೦೯ಕ್ಕೂ ನಡುವಣ ಅಂತರವನ್ನು ಷವೆಲ್ಲಿನ ಬಲದಿಂದಷ್ಟೇ ವಿವರಿಸುವುದು ಸಾಧ್ಯವಿಲ್ಲ. ಬದಲಾದದ್ದು ಮುಖ್ಯವಾಗಿ ಷವೆಲ್ಲಿಗೂ ಬಂಡಿಗೂ ಇದ್ದ ಸಂಬಂಧ.

ಈ ಸಂಬಂಧಕ್ಕೆ ಗಣಿಯ ಬರವಣಿಗೆಯಲ್ಲಿ ಸೂತ್ರರೂಪ ಕೊಟ್ಟವರು ಮಾರ್ಗನ್ ಮತ್ತು ಪೀಟರ್ಸನ್ ಎಂಬವರು, ೧೯೬೮ರಲ್ಲಿ. ಆ ವೇಳೆಗೆ ಅನೇಕ ತೆರೆದ ಗಣಿಗಳಲ್ಲಿ ರೈಲುಬಂಡಿಯ ಸ್ಥಾನವನ್ನು ಡಂಪರುಗಳು ಆಕ್ರಮಿಸಿದ್ದವು. ಸೂತ್ರವು ಸರಳವಾದುದು: ಡಂಪರುಗಳ ಸಂಖ್ಯೆಯನ್ನು ಒಂದು ಡಂಪರನ್ನು ತುಂಬಲು ಬೇಕಾದ ಕಾಲದಿಂದ ಗುಣಿಸಬೇಕು, ಷವೆಲ್ಲುಗಳ ಸಂಖ್ಯೆಯನ್ನು ಒಂದು ಡಂಪರಿನ ಪೂರ್ಣ ಸುತ್ತಿನ ಕಾಲದಿಂದ ಗುಣಿಸಬೇಕು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಸುತ್ತಿನಲ್ಲಿ ತುಂಬುವುದು, ಹೋಗುವುದು, ಸುರಿಯುವುದು, ಹಿಂದಿರುಗುವುದು ಎಲ್ಲವೂ ಸೇರಿರುತ್ತವೆ. ಕಾಯುವ ಕಾಲವು ಸೇರುವುದಿಲ್ಲ. ತುಂಬಲು ೩ ನಿಮಿಷ, ಪೂರ್ಣ ಸುತ್ತಿಗೆ ೨೪ ನಿಮಿಷ ಎಂದು ಭಾವಿಸೋಣ. ಒಂದು ಷವೆಲ್ಲಿಗೆ ೮ ಡಂಪರುಗಳಿದ್ದರೆ ಅಂಕವು ಸರಿಯಾಗಿ ೧. ಡಂಪರುಗಳು ೬ ಇದ್ದರೆ ೦.೭೫, ಅಂದರೆ ಷವೆಲ್ಲು ತನ್ನ ಕಾಲದ ನಾಲ್ಕರಲ್ಲೊಂದು ಪಾಲು ಸುಮ್ಮನೆ ನಿಲ್ಲುತ್ತದೆ. ೧೦ ಇದ್ದರೆ ೧.೨೫, ಅಂದರೆ ಪ್ರತಿಯೊಂದು ಡಂಪರೂ ಸುತ್ತಿಗೆ ೬ ನಿಮಿಷ ಸಾಲಿನಲ್ಲಿ ಕಾಯುತ್ತದೆ.

ಈ ಸೂತ್ರದಿಂದಾದ ಉಪಕಾರವನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಅಗೆಯುವುದನ್ನೂ ಹೊರುವುದನ್ನೂ ಅದು ಒಂದೇ ವಾಕ್ಯದಲ್ಲಿ ಹೇಳಿತು. ಕಾಯುವಿಕೆಯನ್ನು ಲೆಕ್ಕಕ್ಕೆ ತಂದಿತು. ಒಂದು ಗಣಿಯಲ್ಲಿ ಬೇರೆಬೇರೆ ಗಾತ್ರದ ಡಂಪರುಗಳಿದ್ದರೆ ಮೂಲಸೂತ್ರವು ಸಾಲದೆಂಬ ಕೊರತೆಯನ್ನು ೨೦೦೭ರಲ್ಲಿ ಬರ್ಟ್ ಮತ್ತು ಕಚೆಟ್ಟ ಎಂಬ ವಿದ್ವಾಂಸರು ತುಂಬಿಕೊಡಲು ಯತ್ನಿಸಿದರು. ನಮ್ಮ ಆಕ್ಷೇಪವಿರುವುದು ಸೂತ್ರದ ಮೇಲಲ್ಲ, ಅದನ್ನು ತೀರ್ಪಿನಂತೆ ಓದುವ ಅಭ್ಯಾಸದ ಮೇಲೆ.

ಮೊದಲನೆಯದಾಗಿ, ಅಂಕವು ಒಳ್ಳೆಯದಾದ ಮಾತ್ರಕ್ಕೆ ಕೆಲಸ ಒಳ್ಳೆಯದಾಯಿತೆಂದು ಹೇಳುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ೬ ಡಂಪರುಗಳಿದ್ದಾಗ ಗಂಟೆಗೆ ೧೫ ಹೊರೆಗಳು ಸಾಗುತ್ತವೆ. ಈಗ ಷವೆಲ್ಲಿನ ಹಲ್ಲು ಸವೆದೋ, ಸಿಡಿತವು ಕೆಟ್ಟು ಬಂಡೆಗಳು ದೊಡ್ಡದಾಗಿ ಉಳಿದೋ ತುಂಬುವ ಕಾಲವು ೪ ನಿಮಿಷಕ್ಕೆ ಏರಿತೆನ್ನೋಣ. ಸುತ್ತು ೨೫ ನಿಮಿಷವಾಗುತ್ತದೆ. ಹೊರೆಗಳು ಗಂಟೆಗೆ ೧೪.೪ಕ್ಕೆ ಇಳಿಯುತ್ತವೆ. ಆದರೆ ಹೊಂದಾಣಿಕೆಯ ಅಂಕವೋ ೦.೭೫ರಿಂದ ೦.೯೬ಕ್ಕೆ ಏರುತ್ತದೆ! ಷವೆಲ್ಲು ಕೆಟ್ಟದ್ದರಿಂದ ಹೊಂದಾಣಿಕೆ ಸುಧಾರಿಸಿತು. ಎರಡು ಎತ್ತುಗಳಲ್ಲಿ ಒಂದು ಕುಂಟಿದಾಗ ಜೋಡಿ ಸಮವಾಯಿತೆಂದು ಸಂತೋಷಪಡುವ ಒಕ್ಕಲಿಗನನ್ನು ನಾವು ಕಂಡಿಲ್ಲ.

ಎರಡನೆಯದಾಗಿ, ಈ ಅಂಕಕ್ಕೆ ತಾರೀಖಿದೆ. ಗಣಿಯು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಅದು ಆಳವಾಗುತ್ತದೆ, ದಾರಿ ಉದ್ದವಾಗುತ್ತದೆ, ಏರು ಹೆಚ್ಚುತ್ತದೆ. ೨೪ ನಿಮಿಷದ ಸುತ್ತು ೩೦ ನಿಮಿಷವಾದ ದಿನ, ಸಮವೆನಿಸಿದ್ದ ೮ ಡಂಪರುಗಳ ಅಂಕವು ಯಾರ ತಪ್ಪೂ ಇಲ್ಲದೆ ೦.೮ಕ್ಕೆ ಇಳಿಯುತ್ತದೆ. ಮಳೆಗಾಲದ ಕೆಸರಿನಲ್ಲಿ ಒಂದು ಅಂಕ, ಬೇಸಿಗೆಯಲ್ಲಿ ಇನ್ನೊಂದು. ತಾರೀಖಿಲ್ಲದ ಶಾಸನವನ್ನು ಓದುವಾಗ ನಾವು ವಹಿಸುವ ಎಚ್ಚರಿಕೆಯೇ ತಾರೀಖಿಲ್ಲದ ಅಂಕಕ್ಕೂ ಬೇಕು. ಮೇಲಾಗಿ, ೩ ನಿಮಿಷವೆಂಬುದು ಸರಾಸರಿ. ನಿಜದಲ್ಲಿ ಡಂಪರುಗಳು ಗಡಿಯಾರದಂತೆ ಬರುವುದಿಲ್ಲ, ಗುಂಪುಗೂಡಿ ಬರುತ್ತವೆ. ಆದುದರಿಂದ ಅಂಕವು ೧ ಆಗಿರುವಲ್ಲಿಯೂ ಷವೆಲ್ಲು ಕೆಲಕಾಲ, ಡಂಪರು ಕೆಲಕಾಲ ಕಾದೇ ಕಾಯುತ್ತವೆ.

ಸೂತ್ರದ ಹೊರಗುಳಿಯುವ ಹೊಂದಾಣಿಕೆಯೂ ಉಂಟು. ನೂರು ಟನ್ನಿನ ಡಂಪರಿಗೆ ೨೫ ಟನ್ನಿನ ಬಾಯಿಯಾದರೆ ನಾಲ್ಕು ಸಲಕ್ಕೆ ತುಂಬುತ್ತದೆ. ೨೨ ಟನ್ನಿನದಾದರೆ ನಾಲ್ಕಕ್ಕೆ ೮೮ ಆಗಿ ಕೊರೆ, ಐದಕ್ಕೆ ೧೧೦ ಆಗಿ ಹೊರೆ. ಬಾಯಿಯು ಡಂಪರಿನ ಪಕ್ಕದ ಗೋಡೆಗಿಂತ ಮೇಲಕ್ಕೆ ಏಳಬೇಕೆಂಬುದನ್ನು ಹೇಳಬೇಕಾದುದೇ ಇಲ್ಲ.

ಮೂರನೆಯದು ನಮ್ಮ ಮುಖ್ಯ ಆಕ್ಷೇಪ. ಯಾವುದು ಕಾಯುತ್ತದೆ ಎಂಬುದನ್ನು ಈ ಅಂಕವು ಹೇಳುತ್ತದೆ. ಕಾಯುವಿಕೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಹೇಳುವುದಿಲ್ಲ. ಷವೆಲ್ಲೂ ಡಂಪರೂ ಒಬ್ಬನೇ ಯಜಮಾನನವಾದರೆ ಎರಡು ಬಗೆಯ ನಷ್ಟವೂ ಅವನದೇ. ಅವನು ತೂಗಿನೋಡಿ ತೀರ್ಮಾನಿಸಬಲ್ಲನು. ಆದರೆ ಲಾರಿಗಳು ಟ್ರಿಪ್ಪಿನ ಲೆಕ್ಕದಲ್ಲಿ ಬಾಡಿಗೆಗೆ ಬಂದವಾದರೆ? ಆಗ ಹತ್ತಕ್ಕೆ ಬದಲು ಹದಿನೈದು ಲಾರಿಗಳನ್ನು ಸಾಲಿನಲ್ಲಿ ನಿಲ್ಲಿಸಿದರೂ ಗಣಿಯ ಲೆಕ್ಕಪುಸ್ತಕದಲ್ಲಿ ಒಂದು ಕಾಸಿನ ವ್ಯತ್ಯಾಸವೂ ಕಾಣದು. ಷವೆಲ್ಲು ಒಂದು ಕ್ಷಣವೂ ಬಿಡುವಾಗದು. ಕಾದ ಹೊತ್ತೆಲ್ಲ ಚಾಲಕನ ಮತ್ತು ಸಾಲ ಮಾಡಿ ಲಾರಿ ಕೊಂಡವನ ತಲೆಯ ಮೇಲೆ. ಅರೆಯುವ ಹಂಗಾಮಿನಲ್ಲಿ ಮಂಡ್ಯದ ಸೀಮೆಯ ಸಕ್ಕರೆ ಕಾರ್ಖಾನೆಗಳ ಮುಂದೆ ನಿಲ್ಲುವ ಕಬ್ಬಿನ ಗಾಡಿಗಳ ಸಾಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಣವು ಕಾಯಬಾರದೆಂದು ರೈತನು ಕಾಯುತ್ತಾನೆ. ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ.

ಹೀಗಿರುವಲ್ಲಿ ಹೊಂದಾಣಿಕೆಯೆಂಬ ಪದವೇ ವಿಚಾರಕ್ಕೆ ಅರ್ಹವಾಗುತ್ತದೆ. ೧೯೮೦ರ ದಶಕದಿಂದೀಚೆಗೆ ದೊಡ್ಡ ಗಣಿಗಳಲ್ಲಿ ಯಾವ ಡಂಪರು ಯಾವ ಷವೆಲ್ಲಿಗೆ ಹೋಗಬೇಕೆಂದು ಗಣಕಯಂತ್ರವೇ ಆಗಿಂದಾಗ್ಗೆ ಹೇಳುವ ವ್ಯವಸ್ಥೆ ಬಂದಿದೆ. ತಾರೀಖಿನ ದೋಷವನ್ನು ಅದು ಬಹುಮಟ್ಟಿಗೆ ನೀಗಿಸುತ್ತದೆ. ಮೂರನೆಯ ದೋಷವನ್ನು ಮುಟ್ಟುವುದಿಲ್ಲ.

ನಮ್ಮ ನಾಡಿಗೆ ಈ ವಿಷಯವು ದೂರದ್ದಲ್ಲ. ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಅಗೆಯುವ ಯಂತ್ರಗಳು ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೂ ಡಂಪರುಗಳು ಮೈಸೂರಿನಲ್ಲಿಯೂ ತಯಾರಾಗುತ್ತವೆ. ಎರಡು ಊರುಗಳಲ್ಲಿ ಹುಟ್ಟಿದ ಯಂತ್ರಗಳು ಗಣಿಯ ಬಾಯಲ್ಲಿ ಕೂಡುತ್ತವೆ. ಸಂಡೂರು, ಬಳ್ಳಾರಿಗಳ ಅದಿರಿನ ಇತಿಹಾಸವನ್ನು ಮುಂದೆ ಬರೆಯುವವರು ಎಷ್ಟು ಟನ್ನು ಅಗೆದರೆಂಬುದನ್ನು ಮಾತ್ರ ಎಣಿಸಿದರೆ ಸಾಲದು. ಲಾರಿಯ ಟ್ರಿಪ್ಪಿನ ಚೀಟಿಗಳನ್ನೂ, ತೂಕದ ಸೇತುವೆಯ ದಾಖಲೆಗಳನ್ನೂ, ಸಾಲಿನಲ್ಲಿ ಕಾದವರ ಮಾತುಗಳನ್ನೂ ಅವು ನಾಶವಾಗುವ ಮೊದಲೇ ಸಂಗ್ರಹಿಸುವುದು ಅವಶ್ಯ. ಷವೆಲ್ಲಿನ ಆಸನದಲ್ಲಿ ಕುಳಿತವರ ಚಿತ್ರ ನಮ್ಮಲ್ಲಿ ಈಗಾಗಲೇ ಇದೆ. ಬಂಡಿಯ ಪಕ್ಕದಲ್ಲಿ ನಿಂತವರ ಕಥೆ ಇನ್ನು ಬರೆಯಬೇಕಾಗಿದೆ.